ಪಿಡುಗಿನ ಕಾಲದಲ್ಲಿ ಉದ್ಯಮದ ಪೂರ್ವಸಿದ್ಧತೆ

ಸಾಂಕ್ರಾಮಿಕ ರೋಗ ಹರಡಿದಾಗ ವ್ಯವಹಾರ ನಿಲ್ಲದಂತೆ ಕಂಪನಿಗಳು ಯಾವ ಬಗೆಯ ಸಿದ್ಧತೆ ಮಾಡಿಕೊಳ್ಳುತ್ತವೆ ಎಂಬುದನ್ನು ವಾಣಿಜ್ಯಶಾಸ್ತ್ರದ ಮಿತ್ರರು ಪುಸ್ತಕಗಳಲ್ಲಿ ಓದಿರುತ್ತಾರೆ. ನಾನು ಅದನ್ನು ಶಿಡ್ಲಘಟ್ಟದ ರೇಷ್ಮೆಗೂಡಿಗೆ ಅನ್ವಯಿಸಿ ನೋಡಬಯಸುತ್ತೇನೆ. ಹುಳು ಸಾಕುವ ಮನೆಯಲ್ಲಿ ಹುಟ್ಟಿದವನಿಗೆ ಹತ್ತಿರದ ಉದಾಹರಣೆ ಅದೇ ಅಲ್ಲವೆ?

ಸಿದ್ಧತೆಯ ಮೊದಲ ಪ್ರಶ್ನೆ ಸರಳವಾದುದು: ಯಾವ ಕೆಲಸವನ್ನು ಎಷ್ಟು ಕಾಲ ನಿಲ್ಲಿಸಬಹುದು? ಕಂಪನಿಯು ತನ್ನ ಕೆಲಸಗಳನ್ನೆಲ್ಲ ಪಟ್ಟಿಮಾಡಿ, ಒಂದೊಂದರ ಮುಂದೆಯೂ ಇಂತಿಷ್ಟು ಗಂಟೆ, ಇಂತಿಷ್ಟು ದಿನ ಎಂದು ಬರೆದುಕೊಳ್ಳುತ್ತದೆ. ಅನಂತರ, ಒಬ್ಬ ನೌಕರ ಹಾಸಿಗೆ ಹಿಡಿದರೆ ಅವನ ಬದಲು ಯಾರು, ಒಂದು ದಾರಿ ಮುಚ್ಚಿದರೆ ಎರಡನೆಯ ದಾರಿ ಯಾವುದು, ವರಮಾನವಿಲ್ಲದೆ ಸಂಬಳ ಎಷ್ಟು ತಿಂಗಳು ನಡೆದೀತು ಎಂದು ಲೆಕ್ಕಹಾಕುತ್ತದೆ. ಬೆಂಕಿಯಲ್ಲಿ ಕಟ್ಟಡ ಹೋಗಿ ಜನ ಉಳಿಯುತ್ತಾರೆ; ಪಿಡುಗಿನಲ್ಲಾದರೋ ಕಟ್ಟಡ ನೆಟ್ಟಗೆ ನಿಂತಿದ್ದರೂ ಒಳಗೆ ಜನ ಸೇರುವಂತಿಲ್ಲ. 2020ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ನೌಕರರ ಮನೆಗಳಿಗೇ ಕಂಪ್ಯೂಟರು ಸಾಗಿಸಿ ಕೆಲಸ ನಡೆಸಿದವು. ಅವುಗಳ ಬಂಡವಾಳ ಹೊತ್ತೊಯ್ಯಬಹುದಾದದ್ದು. ನಮ್ಮ ಬಂಡವಾಳಕ್ಕೆ ಜೀವವಿದೆ, ಹಸಿವೂ ಇದೆ.

2020ರ ಮಾರ್ಚಿ 24ರ ರಾತ್ರಿ ಎಂಟು ಗಂಟೆಗೆ ಲಾಕ್‌ಡೌನ್ ಘೋಷಣೆಯಾಗಿ, ಮಧ್ಯರಾತ್ರಿಗೆ ಜಾರಿಗೆ ಬಂದಿತು. ಗೌರಿಬಿದನೂರಿನಲ್ಲಿ ಆ ವೇಳೆಗಾಗಲೇ ಕೋವಿಡ್ ಕಾಣಿಸಿಕೊಂಡಿತ್ತು. ಆದರೆ ಮಾರ್ಚಿಯ ಮೊದಲ ವಾರದಲ್ಲಿ ಚಾಕಿ ತಂದವರ ಹುಳು ಆಗ ನಾಲ್ಕನೆಯ ಜ್ವರ ಮುಗಿಸಿ, ರಾತ್ರಿ ಹಗಲೆನ್ನದೆ ಸೊಪ್ಪು ಮುಕ್ಕುತ್ತಿತ್ತು. ಸುಮಾರು ಇಪ್ಪತ್ತೈದು ದಿನಕ್ಕೆ ಹುಳು ಹಣ್ಣಾಗುತ್ತದೆ. ಚಂದ್ರಂಕಿಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಅಂದರೆ ರೈತನ ಪಟ್ಟಿಯಲ್ಲಿ ಬರೆಯಬಹುದಾದ ಗಡುವು ಒಂದು ವಾರಕ್ಕಿಂತ ಕಡಮೆ.

ರೋಗದ ಶಿಸ್ತು ನಮ್ಮವರಿಗೆ ಹೊಸದಲ್ಲವೆಂಬುದನ್ನೂ ಹೇಳಬೇಕು. ಹುಳುಮನೆಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವುದು, ಕೈಕಾಲು ತೊಳೆಯದೆ ಒಳಗೆ ಹೋಗದಿರುವುದು, ಹೊರಗಿನವರನ್ನು ಬಾಗಿಲಲ್ಲೇ ನಿಲ್ಲಿಸುವುದು ಇವೆಲ್ಲ ಹಳೆಯ ರೂಢಿ. 1865ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಹುಳುಗಳ ಪೆಬ್ರೀನ್ ರೋಗವನ್ನು ಅಭ್ಯಸಿಸತೊಡಗಿ, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮೊಟ್ಟೆ ಆರಿಸುವ ಕ್ರಮವನ್ನು ರೂಪಿಸಿದನು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ಆ ಕ್ರಮವುಂಟು. ಹುಳುವಿನ ಪಿಡುಗಿಗೆ ಇಷ್ಟು ಸಿದ್ಧವಾಗಿದ್ದ ನಾವು ಮನುಷ್ಯರ ಪಿಡುಗಿಗೆ ಸಿದ್ಧರಿರಲಿಲ್ಲ.

ತೊಡಕು ಬಂದದ್ದು ಎರಡನೆಯ ದಾರಿಯ ವಿಷಯದಲ್ಲಿ. ದಲ್ಲಾಳಿಗಳ ಮೋಸದಿಂದ ರೈತನನ್ನು ಕಾಯಬೇಕೆಂದು 1959ರ ಕಾಯಿದೆಯು ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕೆಂದು ವಿಧಿಸಿತು. ಕಾಯಿದೆ ಒಳ್ಳೆಯದೇ, ಆದರೆ ಬಾಗಿಲು ಒಂದೇ. ಅದು ಮುಚ್ಚಿದರೆ ಬೇರೆ ಬಾಗಿಲಿಲ್ಲ. ಮೊದಲ ದಿನಗಳಲ್ಲಿ ವಹಿವಾಟು ನಿಂತು, ಬಳಿಕ ಅಂತರದ ನಿಯಮಗಳೊಡನೆ ಮತ್ತೆ ಆರಂಭವಾಯಿತೆನ್ನಿ. ಆಗ ಇನ್ನೊಂದು ಗಂಟು ಕಂಡಿತು: ಸೀರೆ ಅಂಗಡಿ ಮುಚ್ಚಿ, ಮದುವೆಗಳು ಮುಂದೆ ಹೋಗಿ, ನೇಕಾರನು ನೂಲು ಕೊಳ್ಳಲಿಲ್ಲ; ನೂಲು ಮಾರದ ರೀಲರಿನ ಕೈಯಲ್ಲಿ ಹರಾಜು ಕೂಗಲು ದುಡ್ಡಿರಲಿಲ್ಲ. ಬೆಲೆ ಬಿತ್ತು. ಸರಪಳಿಯ ಒಂದು ಕೊಂಡಿಗೆ ಮಾತ್ರ ಸಿದ್ಧತೆಯಿದ್ದರೆ ಸಾಲದೆಂಬುದನ್ನು ನಾನು ತಿಳಿದುಕೊಂಡದ್ದು ಹೀಗೆ.

ಹಾಲಿನ ಸಂಗತಿ ಬೇರೆ. ಹಸುವೂ ನಿಲ್ಲದು, ಆದರೆ ಹೆಚ್ಚಾದ ಹಾಲನ್ನು ಪುಡಿಮಾಡಬಹುದು, ಆ ಏಪ್ರಿಲಿನಲ್ಲಿ ಸರ್ಕಾರವೇ ಒಂದಷ್ಟನ್ನು ಕೊಂಡು ಬಡವರಿಗೆ ಹಂಚಿತು. ಚಿಂತಾಮಣಿಯ ಟೊಮ್ಯಾಟೊಗೂ ಚಿಕ್ಕಬಳ್ಳಾಪುರದ ಹೂವಿಗೂ ಆ ಭಾಗ್ಯವಿರಲಿಲ್ಲ.

ಗೂಡಿಗೆ ಪುಡಿಯ ಬದಲು ಬಿಸಿಗಾಳಿಯಿದೆ. ಬಿಸಿಗಾಳಿಯಲ್ಲಿ ಒಣಗಿಸಿದ ಗೂಡು ತಿಂಗಳುಗಟ್ಟಲೆ ಕೆಡದು. ಆದರೆ ನಮ್ಮ ಸಣ್ಣ ರೀಲರುಗಳು ಅಂದಂದಿನ ಹಸಿಗೂಡನ್ನು ಕೊಂಡು, ಹಬೆ ಕೊಟ್ಟು, ಬೇಗನೆ ಬಿಚ್ಚುವವರು. ಒಣಗಿಸುವ ಯಂತ್ರ ರೈತನಲ್ಲಂತೂ ಇಲ್ಲ. ನಮ್ಮ ಮನೆಯಲ್ಲಿ ಈಗ ಚಾಕಿಯನ್ನು ಒಂದೇ ಸಲ ತಾರದೆ, ಹತ್ತು ದಿನದ ಅಂತರದಲ್ಲಿ ಎರಡು ಕಂತಾಗಿ ತರುತ್ತೇವೆ. ಬಡವನ ಕೈಗೆ ಎಟಕುವ ಸಿದ್ಧತೆ ಅಷ್ಟೆ. ಮಾರುಕಟ್ಟೆಯ ಪಕ್ಕದಲ್ಲೇ ಒಂದು ವಾರದ ಗೂಡು ಒಣಗಿಸುವಷ್ಟು ಕೋಣೆಗಳಿದ್ದು, ಇಟ್ಟ ಗೂಡಿನ ರಸೀತಿಯ ಮೇಲೆ ಬ್ಯಾಂಕು ಸಾಲ ಕೊಡುವಂತಾದರೆ, ಬಾಗಿಲು ಮುಚ್ಚಿದ ದಿನವೂ ರೈತ ಕಾಯಬಲ್ಲ. ಇದರ ಖರ್ಚನ್ನು ಇಲಾಖೆ ಹೊರಬೇಕೋ, ಹರಾಜಿನ ಶುಲ್ಕದಿಂದ ತೆಗೆಯಬೇಕೋ ಎಂಬುದನ್ನು ಅರ್ಥಶಾಸ್ತ್ರದ ಅಧ್ಯಾಪಕರು ನಮ್ಮ ಚರ್ಚಾಕೂಟದಲ್ಲಿ ಎತ್ತಿಕೊಳ್ಳಬೇಕೆಂದು ವಿನಂತಿ.