ಗ್ರೀನ್ ಪಕ್ಕದ ಆಟ: ಶಕ್ತಿಗಿಂತ ಯುಕ್ತಿ ಮೇಲು

ಗೋಲ್ಫ್ ಅಂದ ಕೂಡಲೇ ಕಣ್ಮುಂದೆ ಬರೋದು ಆಕಾಶಕ್ಕೆ ಹಾರಿ ಮರೆಯಾಗುವ ಚೆಂಡು. ಆದರೆ ಸ್ಕೋರ್‌ಕಾರ್ಡಿನ ಲೆಕ್ಕವೇ ಬೇರೆ. 18 ಹೋಲ್‌ಗಳ, ಪಾರ್ 72ರ ಕೋರ್ಸನ್ನೇ ತಗೊಳ್ಳಿ. ಪಾರ್ ನಿಗದಿ ಮಾಡುವಾಗಲೇ ಪ್ರತಿ ಹೋಲ್‌ಗೆ 2 ಪಟ್ ಅಂತ ಸೇರಿಸಿರುತ್ತಾರೆ. ಅಂದರೆ 36 ಹೊಡೆತ, ಸರಿಯಾಗಿ ಅರ್ಧ, ಗ್ರೀನ್ ಮೇಲೆಯೇ! ಗ್ರೀನ್ ಸುತ್ತಲಿನ ಚಿಪ್, ಬಂಕರ್ ಹೊಡೆತಗಳು ಬೇರೆ. ನಾಲ್ಕು ಪಾರ್-3 ಹೋಲ್‌ಗಳನ್ನು ಬಿಟ್ಟರೆ ಡ್ರೈವರ್ ಕೈಗೆ ಬರೋದು ಹೆಚ್ಚೆಂದರೆ 14 ಸಲ.

ನಾನು ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರ ಬೆಳಗ್ಗೆ ಮಾತ್ರ ಆಡುವವಳು. ಜೊತೆಗೆ ಆಡುವ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ನನಗಿಂತ 50 ಗಜ ದೂರ ಹೊಡೀತಾರೆ. ಹೊಸ ಡ್ರೈವರ್ ಕೊಂಡು, ಜಿಮ್‌ಗೆ ಹೋಗಿ ಆ ದೂರ ಮುಟ್ಟೋದು ನನ್ನ ಸಮಯಕ್ಕೂ ಸಂಬಳಕ್ಕೂ ಹೊಂದುವ ಮಾತಲ್ಲ. ಆದರೆ ಕೊನೆಯ 30 ಗಜದಲ್ಲಿ ನಾವೆಲ್ಲ ಸಮ. ಅಲ್ಲಿ ತೋಳಿನ ಬಲಕ್ಕೆ ಬೆಲೆಯಿಲ್ಲ. ದೂರ ಹೊಡೆಯೋಕೆ ಆಗಲ್ಲ ಅಂತ ಆಟವನ್ನೇ ಬಿಡುವ ಯೋಚನೆ ನಿಮಗಿದ್ದರೆ, ಮೊದಲು ಇದನ್ನು ಓದಿ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ವಿಶ್ವ ರ‍್ಯಾಂಕಿಂಗ್‌ನಲ್ಲಿ ಅವರದು 200ನೇ ಸ್ಥಾನ. ದೂರ ಹೊಡೆಯುವುದರಲ್ಲಿ ಅಲ್ಲಿದ್ದ ಬಹುತೇಕರಿಗಿಂತ ಹಿಂದೆ. ಆದರೂ ನಾಲ್ಕು ಸುತ್ತಿನಲ್ಲಿ ಪಾರ್‌ಗಿಂತ 15 ಕಡಿಮೆ ಹೊಡೆತ, ನಾಲ್ಕನೇ ಸ್ಥಾನ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಅವರನ್ನು ಅಲ್ಲಿಯವರೆಗೆ ತಂದದ್ದು ಗ್ರೀನ್ ಸುತ್ತಲಿನ ಜಾಣತನ ಮತ್ತು ಪಟ್ಟರ್.

ಮೊದಲು ಜಾಗ, ಆಮೇಲೆ ಕ್ಲಬ್

ಚಿಕ್ಕಂದಿನಲ್ಲಿ ಗೋಲಿಯನ್ನು ಗುಂಡಿಗೆ ಉರುಳಿಸುವಾಗ ಏನು ಮಾಡ್ತಿದ್ವಿ? ಎಲ್ಲಿ ಬೀಳಿಸಿದರೆ ಎಷ್ಟು ಉರುಳುತ್ತೆ ಅಂತ ಕಣ್ಣಲ್ಲೇ ಅಳೀತಿದ್ವಿ. ಚಿಪ್ ಕೂಡ ಅದೇ. ಹೋಲನ್ನೇ ನೋಡುತ್ತಾ ನಿಲ್ಲಬೇಡಿ. ಗ್ರೀನ್ ಒಳಗೆ ಒಂದು ಹೆಜ್ಜೆಯಷ್ಟು ದೂರದಲ್ಲಿ ಚೆಂಡು ಬೀಳುವ ಜಾಗ ಗುರುತಿಸಿ. ಅಲ್ಲಿಂದ ಮುಂದಿನದು ಉರುಳಾಟ.

ಯಾವ ಕ್ಲಬ್? ಅದಕ್ಕೆ ಹಳೇ ಆಟಗಾರರ '12ರ ಲೆಕ್ಕ' ಇದೆ. 12ರಲ್ಲಿ ಕ್ಲಬ್ಬಿನ ಸಂಖ್ಯೆ ಕಳೆಯಿರಿ. 8 ಐರನ್ ಆದರೆ ಉಳಿಯೋದು 4: ಒಂದು ಪಾಲು ಗಾಳಿಯಲ್ಲಿ, ನಾಲ್ಕು ಪಾಲು ನೆಲದಲ್ಲಿ. ಪಿಚಿಂಗ್ ವೆಜ್‌ಗೆ 10 ಅಂತ ಹಿಡಿದರೆ ಒಂದಕ್ಕೆ ಎರಡು. ಸ್ಯಾಂಡ್ ವೆಜ್‌ಗೆ 11, ಅಂದರೆ ಸಮಸಮ. ಹೋಲ್ 15 ಹೆಜ್ಜೆ ದೂರ ಇದೆ ಅಂದ್ಕೊಳ್ಳಿ. 8 ಐರನ್‌ನಲ್ಲಿ 3 ಹೆಜ್ಜೆ ಹಾರಿಸಿದರೆ 12 ಹೆಜ್ಜೆ ಉರುಳುತ್ತೆ. ಪಿಚಿಂಗ್ ವೆಜ್‌ನಲ್ಲಿ 5 ಹಾರು, 10 ಉರುಳು. ಇದು ಸಮತಟ್ಟಾದ ಗ್ರೀನ್‌ನ ಅಂದಾಜು. ಇಳಿಜಾರಿದ್ದರೆ, ಮಳೆಗೆ ನೆಲ ನೆನೆದಿದ್ದರೆ ಸ್ವಲ್ಪ ಹೆಚ್ಚುಕಮ್ಮಿ ಮಾಡಿಕೊಳ್ಳಿ.

ನಡುವೆ ಬರೀ ಗಿಡ್ಡ ಹುಲ್ಲೇ ಇದ್ದರೆ ಗ್ರೀನ್ ಹೊರಗಿಂದಲೂ ಪಟ್ಟರ್ ಬಳಸಿ, ಯಾರೂ ಬೇಡ ಅನ್ನಲ್ಲ. ಎತ್ತರಕ್ಕೆ ಹಾರಿಸುವ ಹೊಡೆತ ಟಿವಿಯಲ್ಲಿ ಚಂದ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು ಬೇಕು.

ಎತ್ತುವ ಕೆಲಸ ಕ್ಲಬ್ಬಿನದು

ಬಲಗೈ ಆಟಗಾರರಾದರೆ ಪಾದಗಳ ನಡುವೆ ಒಂದು ಗೇಣು ಅಂತರ ಸಾಕು. ಮೈಭಾರ ಎಡಗಾಲಿನ ಕಡೆ, ಚೆಂಡು ನಡುವಿಗಿಂತ ತುಸು ಬಲಕ್ಕೆ, ಕೈಗಳು ಚೆಂಡಿಗಿಂತ ಸ್ವಲ್ಪ ಮುಂದೆ. ಪಟ್ ಮಾಡಿದ ಹಾಗೇ ಭುಜದಿಂದ ತೂಗಿ. ಮಣಿಕಟ್ಟು ಮುರಿದು ಚೆಂಡನ್ನು ಎತ್ತೋಕೆ ಹೋದರೆ ಕ್ಲಬ್ ಚೆಂಡಿನ ಹಿಂದಿನ ನೆಲಕ್ಕೆ ಬಡಿಯುತ್ತೆ, ಇಲ್ಲವೇ ಚೆಂಡಿನ ನಡುವಿಗೇ ತಗುಲಿ ಅದು ಗ್ರೀನ್ ದಾಟಿ ಓಡುತ್ತೆ. ಎತ್ತೋಕೆ ಬೇಕಾದ ಓರೆ ಕ್ಲಬ್ಬಿನ ಮುಖದಲ್ಲೇ ಇದೆ.

ಬಂಕರ್‌ನಲ್ಲಿ ಮಾತ್ರ ನಿಯಮ ಉಲ್ಟಾ: ಚೆಂಡಿಗೆ ಹೊಡೆಯಲೇಬೇಡಿ! ಕ್ಲಬ್ಬಿನ ಮುಖ ಸ್ವಲ್ಪ ತೆರೆದು, ಚೆಂಡಿನ ಹಿಂದೆ ಸುಮಾರು 2 ಇಂಚು ದೂರದ ಮರಳಿಗೆ ಹೊಡೆಯಿರಿ. ಮರಳೇ ಚೆಂಡನ್ನು ಹೊತ್ತು ಹೊರಗೆ ಹಾಕುತ್ತೆ. ಹೊಡೆದ ಮೇಲೆ ಕೈ ನಿಲ್ಲಿಸದೆ ಪೂರ್ತಿ ಬೀಸಿ. ಒಂದು ಎಚ್ಚರಿಕೆ: ಹೊಡೆಯುವ ಮುನ್ನ ಚೆಂಡಿನ ಹಿಂದಿನ ಮರಳಿಗೆ ಕ್ಲಬ್ ತಾಗಿಸಿದರೆ ಸ್ಟ್ರೋಕ್ ಪ್ಲೇಯಲ್ಲಿ 2 ಹೊಡೆತದ ದಂಡ.

ಗಣಪನ ಗರಿಕೆ ಹೇಳುವ ಗುಟ್ಟು

ಚೌತಿಗೆ ಗಣಪನಿಗೆ ಏರಿಸುವ ಗರಿಕೆಯೇ ಗೋಲ್ಫ್ ಲೋಕದ ಬರ್ಮುಡಾ ಹುಲ್ಲು. ಬಿಸಿ ಪ್ರದೇಶದ ಎಷ್ಟೋ ಗ್ರೀನ್‌ಗಳಲ್ಲಿ ಇರೋದು ಇದರದೇ ತಳಿಗಳು. ಇದು ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ. ನೀವು ನಿಂತ ಕಡೆಯಿಂದ ಹುಲ್ಲು ಹೊಳೆಯುತ್ತಿದ್ದರೆ ಅದು ಆಚೆಗೆ ವಾಲಿದೆ, ಚೆಂಡು ಬೇಗ ಉರುಳುತ್ತೆ. ಕಪ್ಪಾಗಿ, ಮಂಕಾಗಿ ಕಂಡರೆ ನಿಮ್ಮೆದುರಿಗೆ ವಾಲಿದೆ, ಸ್ವಲ್ಪ ಜೋರು ಬೇಕು.

ದಿನಕ್ಕೆ 20 ನಿಮಿಷ

ಮನೆಯ ಟೆರೇಸ್‌ನಲ್ಲಿ ಡೋರ್‌ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೆಂಡಿಡಿ, ಮೂರು ಹೆಜ್ಜೆ ಆಚೆ ಟವೆಲ್ ಹಾಸಿ. ಅದರ ಮೇಲೆ ಬೀಳಿಸೋದಷ್ಟೇ ಕೆಲಸ. ಹತ್ತಕ್ಕೆ ಏಳು ಬಿದ್ದರೆ ಟವೆಲನ್ನು ಒಂದು ಮಡಿಕೆ ಚಿಕ್ಕದು ಮಾಡಿ. ಒಳಗೆ ಹಾಲ್‌ನಲ್ಲಿ ಮೂರು ಅಡಿಯ ಪಟ್ ಅಭ್ಯಾಸ ಮಾಡಿ. ಹೋಲ್‌ನ ಅಗಲ 4.25 ಇಂಚು, ಹೆಚ್ಚುಕಮ್ಮಿ ಒಂದು ಕಾಫಿ ಮಗ್‌ನಷ್ಟೇ. ಹಾಗಾಗಿ ಮಗ್ಗೇ ಗುರಿಯಾಗಲಿ.

ಕೋರ್ಸ್‌ಗೆ ಹೋದಾಗ ಅಭ್ಯಾಸದ ಗ್ರೀನ್ ಪಕ್ಕ ಒಂದೇ ಚೆಂಡು ಇಟ್ಟುಕೊಳ್ಳಿ. ಚಿಪ್ ಮಾಡಿ, ಹೋಗಿ ಪಟ್ ಮಾಡಿ, ಎರಡರಲ್ಲಿ ಮುಗೀತಾ ನೋಡಿ. ಹತ್ತು ಜಾಗದಿಂದ ಹೀಗೆ ಮಾಡಿ. ಬುಟ್ಟಿಗಟ್ಟಲೆ ಚೆಂಡು ಒಂದೇ ಕಡೆಯಿಂದ ಹೊಡೆಯೋದಕ್ಕಿಂತ ಇದು ಹೆಚ್ಚು ಕಲಿಸುತ್ತೆ, ಯಾಕೆಂದರೆ ನಿಜವಾದ ಆಟದಲ್ಲಿ ಎರಡನೇ ಅವಕಾಶ ಇಲ್ಲ.

ನನ್ನ ಸ್ಕೋರ್‌ಕಾರ್ಡಿನ ಅಂಚಿನಲ್ಲಿ ಒಂದು ಹೆಚ್ಚುವರಿ ಕಾಲಂ ಇದೆ: ಗ್ರೀನ್ ತಪ್ಪಿದ ಮೇಲೆ ಎರಡೇ ಹೊಡೆತದಲ್ಲಿ ಮುಗಿಸಿದ್ದು ಎಷ್ಟು ಸಲ? ಈ ಭಾನುವಾರ ನೀವೂ ಬರೆದಿಡಿ. ಹನಿಹನಿ ಕೂಡಿದರೆ ಹಳ್ಳ ಅಂತಾರಲ್ಲ, ಉಳಿಸಿದ ಒಂದೊಂದು ಹೊಡೆತವೂ ಹಾಗೇ.