ಗಣಕಯಂತ್ರದ ಸಹಾಯಪುಟಗಳನ್ನು ಓದಲು ಕಲಿಸುವುದು

ಕಳೆದ ವರ್ಷದ ಅಭ್ಯಾಸ ಬೋಧನೆಯ ಎರಡನೆಯ ವಾರ. ಎಂಟನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಜೀವಕೋಶದ ಪಾಠ ಮಾಡುತ್ತಿದ್ದರು. ನಾನು ವೀಕ್ಷಣಾ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪೀಠಿಕೆ ಚೆನ್ನಾಗಿಯೇ ಆಯಿತು. ಈರುಳ್ಳಿ ಸಿಪ್ಪೆಯ ಕೋಶಗಳ ವಿಡಿಯೊ ತೋರಿಸುವ ಹಂತಕ್ಕೆ ಬಂದಾಗ ತೊಡಕು ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ವಿಡಿಯೊ ಓಡುತ್ತಿದೆ, ಗೋಡೆಯ ಮೇಲೆ ಮಾತ್ರ ಬರೀ ಹಿನ್ನೆಲೆಯ ಚಿತ್ರ. ಅವರು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರು. ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದರು. ಹನ್ನೆರಡು ನಿಮಿಷ ಹೋಯಿತು. ಮಕ್ಕಳು ಮಾತಿಗಿಳಿದರು. ಕೊನೆಗೆ ಅವರು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಪಾಠ ಮುಗಿಸಿದರು. ನಾನು ಪುಸ್ತಕದಲ್ಲಿ ‘ಪೂರ್ವಸಿದ್ಧತೆ ಸಾಲದು’ ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ ಅವರು ಬಂದು ಕೇಳಿದರು: “ಸರ್, ಹಿಂದಿನ ದಿನ ಕಾಲೇಜಿನಲ್ಲಿ ಹಾಕಿ ನೋಡಿದ್ದೆ, ಸರಿಯಾಗಿಯೇ ಬಂದಿತ್ತು. ಇಲ್ಲಿ ಏನು ಮಾಡಬೇಕಿತ್ತು ಹೇಳಿ.”

ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಇಂಥದಾದರೆ ನಾನು ಪ್ರಯೋಗಾಲಯದ ಸಹಾಯಕರನ್ನು ಕೂಗುತ್ತೇನೆ. ಅವರು ಬಂದು ಏನೋ ಒತ್ತುತ್ತಾರೆ, ಸರಿಹೋಗುತ್ತದೆ. ಏನು ಒತ್ತಿದರು ಎಂದು ಒಮ್ಮೆಯೂ ಕೇಳಿದವನಲ್ಲ. ಆ ಸಂಜೆ ಇಬ್ಬರೂ ಅದೇ ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ಶಾಲೆಯಲ್ಲಿ ಅಂತರಜಾಲ ಇರಲಿಲ್ಲ. ಉತ್ತರ ಸಿಕ್ಕಿದ್ದು ಆ ಯಂತ್ರದಲ್ಲೇ ಮೊದಲಿನಿಂದ ಇದ್ದ ‘ಸಹಾಯ’ ಎಂಬ ಕಿರುತಂತ್ರಾಂಶದಲ್ಲಿ. ಆ ಸಂಜೆ ಕಲಿತದ್ದನ್ನೂ, ಮುಂದೆ ಅದನ್ನೇ ಒಂದು ಪಾಠವಾಗಿ ಮಾಡಿಕೊಂಡ ಬಗೆಯನ್ನೂ ಇಲ್ಲಿ ಹೇಳುತ್ತೇನೆ.

ಸಹಾಯವ್ಯವಸ್ಥೆ ಎಂದರೇನು?

ನಮ್ಮ ಪ್ರಯೋಗಾಲಯದ ಯಂತ್ರಗಳಲ್ಲಿ ಉಬುಂಟು ಇದೆ. ಅದರಲ್ಲಿ ನಾವು ಕಾಣುವ ಕಿಟಕಿಗಳು, ಕಡತಕೋಶಗಳು, ಸೆಟ್ಟಿಂಗ್ಸ್ ಎಲ್ಲವೂ ಸೇರಿದ ಆವರಣಕ್ಕೆ ಡೆಸ್ಕ್‌ಟಾಪ್ ಪರಿಸರ ಎಂದು ಹೆಸರು. ಉಬುಂಟುವಿನಲ್ಲಿ 2017ರ ಅಕ್ಟೋಬರ್ ಆವೃತ್ತಿಯಿಂದ ಗ್ನೋಮ್ ಎಂಬ ಪರಿಸರವೇ ಮೂಲವಾಗಿ ಬರುತ್ತಿದೆ. ಗ್ನೋಮ್ ಜೊತೆಗೆ ಅದರ ಕೈಪಿಡಿಯೂ ಯಂತ್ರದಲ್ಲಿ ಸ್ಥಾಪನೆಯಾಗುತ್ತದೆ. ಕೈಪಿಡಿಯನ್ನು ತೆರೆದು ತೋರಿಸುವ ತಂತ್ರಾಂಶದ ಒಳಹೆಸರು ಯೆಲ್ಪ್; ಪರದೆಯ ಮೇಲೆ ಅದು ‘ಹೆಲ್ಪ್’ ಎಂದಷ್ಟೇ ಕಾಣುತ್ತದೆ. ಪುಟಗಳು ಯಂತ್ರದ ಡಿಸ್ಕಿನಲ್ಲೇ ಇರುವುದರಿಂದ ಅಂತರಜಾಲ ಬೇಡ. ನಮ್ಮ ಅಭ್ಯಾಸ ಶಾಲೆಗಳ ಸ್ಥಿತಿ ಬಲ್ಲವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ.

ಯಂತ್ರದೊಳಗೇ ಕೈಪಿಡಿ ಇಡುವ ಪದ್ಧತಿ ಹಳೆಯದು. ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರಿನಲ್ಲಿ ಬಂತು. ಒಂದೊಂದು ಆದೇಶಕ್ಕೂ ಒಂದೊಂದು ಪುಟ. ಅನೇಕ ಪುಟಗಳ ಕೊನೆಯಲ್ಲಿ ‘ದೋಷಗಳು’ ಎಂಬ ಭಾಗವೂ ಇತ್ತು. ಮಾಡಿದವರೇ ತಮ್ಮ ಕೆಲಸದ ಕೊರತೆಯನ್ನು ಬರೆದಿಡುವ ಈ ರೂಢಿ ಪಾಠಯೋಜನೆ ಬರೆಯುವ ನಮಗೂ ಬೇಕಾದದ್ದೇ.

2011ರಲ್ಲಿ ಗ್ನೋಮ್ 3 ಬಂದಾಗ ಅದರ ಕೈಪಿಡಿಯನ್ನು ಹೊಸದಾಗಿ ಬರೆದರು. ಅದಕ್ಕೆ ಬಳಸಿದ ವಿಧಾನದ ಹೆಸರು ಮ್ಯಾಲರ್ಡ್. ಹಳೆಯ ಕೈಪಿಡಿ ಪಠ್ಯಪುಸ್ತಕದಂತೆ ಅಧ್ಯಾಯದ ನಂತರ ಅಧ್ಯಾಯವಾಗಿ ಸಾಗುತ್ತಿತ್ತು. ಹೊಸದರಲ್ಲಿ ಎರಡೇ ಬಗೆಯ ಪುಟಗಳು. ದಾರಿತೋರುವ ಪುಟದಲ್ಲಿ ಕೊಂಡಿಗಳಷ್ಟೇ ಇರುತ್ತವೆ: ಧ್ವನಿ ಮತ್ತು ಚಿತ್ರ, ಕಡತಗಳು, ಯಂತ್ರಾಂಶ, ಜಾಲಸಂಪರ್ಕ ಇತ್ಯಾದಿ. ವಿಷಯಪುಟದಲ್ಲಿ ಒಂದು ಕೆಲಸ ಅಥವಾ ಒಂದು ತೊಂದರೆ ಮಾತ್ರ ಇರುತ್ತದೆ. ಮೊದಲಿನಿಂದ ಕೊನೆಯವರೆಗೆ ಓದಲಿ ಎಂದು ಇದನ್ನು ಬರೆದಿಲ್ಲ. ಮಧ್ಯೆ ಎಲ್ಲಿಂದ ಹೊಕ್ಕರೂ ಆ ಪುಟ ತಾನಾಗಿಯೇ ಅರ್ಥವಾಗಬೇಕು. ಪ್ರಶಿಕ್ಷಣಾರ್ಥಿಗಳಿಗೆ ಈ ಮಾತನ್ನು ಮೊದಲೇ ಹೇಳಿ. ‘ಇಷ್ಟೆಲ್ಲ ಯಾರು ಓದುತ್ತಾರೆ’ ಎಂಬ ಅಂಜಿಕೆ ಅಲ್ಲಿಗೇ ಅರ್ಧ ಇಳಿಯುತ್ತದೆ.

ತೆರೆಯುವ ದಾರಿಗಳು

ಒಂದನೆಯದು: ಸೂಪರ್ ಕೀಲಿಯನ್ನು, ಅಂದರೆ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳ ನಡುವೆ ಸಾಮಾನ್ಯವಾಗಿ ವಿಂಡೋಸ್ ಗುರುತು ಹೊತ್ತ ಕೀಲಿಯನ್ನು ಒತ್ತಿ, ‘ಹೆಲ್ಪ್’ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತುವುದು. ಎರಡನೆಯದು: ಯಾವುದಾದರೂ ತಂತ್ರಾಂಶ ಬಳಸುತ್ತಿರುವಾಗ ಎಫ್1 ಕೀಲಿ ಒತ್ತುವುದು. ಕಡತಕೋಶದ ಕಿಟಕಿಯಲ್ಲಿದ್ದಾಗ ಒತ್ತಿದರೆ ಕಡತಗಳಿಗೆ ಸಂಬಂಧಿಸಿದ ಭಾಗವೇ ತೆರೆದುಕೊಳ್ಳುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕಾಗುತ್ತದೆ.

ತೆರೆದ ಮೇಲೆ ಭೂತಗನ್ನಡಿಯ ಗುರುತು ಒತ್ತಿ ಪದ ಹಾಕಿ ಹುಡುಕಬಹುದು. ಒಂದು ಪುಟದೊಳಗೆ ಪದ ಹುಡುಕಲು ಕಂಟ್ರೋಲ್ ಮತ್ತು ಎಫ್. ಮೆನುವಿನಲ್ಲಿರುವ ‘ಆಲ್ ಹೆಲ್ಪ್’ ಒತ್ತಿದರೆ ಆ ಯಂತ್ರದಲ್ಲಿರುವ ಬೇರೆ ತಂತ್ರಾಂಶಗಳ ಕೈಪಿಡಿಗಳ ಪಟ್ಟಿ ಬರುತ್ತದೆ.

ಒಂದು ಎಚ್ಚರಿಕೆ. ಎಫ್1 ಒತ್ತಿದಾಗ ಎಲ್ಲ ತಂತ್ರಾಂಶಗಳೂ ಯಂತ್ರದೊಳಗಿನ ಪುಟವನ್ನೇ ತೆರೆಯುವುದಿಲ್ಲ. ಉದಾಹರಣೆಗೆ, ಲಿಬ್ರೆಆಫೀಸ್‌ನ ಸಹಾಯಪುಟಗಳು ಪ್ರತ್ಯೇಕ ಕಟ್ಟಾಗಿ ಬರುತ್ತವೆ. ಅದನ್ನು ಸ್ಥಾಪಿಸಿರದಿದ್ದರೆ ಎಫ್1 ನಮ್ಮನ್ನು ಅಂತರಜಾಲಕ್ಕೆ ಕಳಿಸುತ್ತದೆ. ಶಾಲೆಗೆ ಹೋಗುವ ಮುನ್ನ ಕಾಲೇಜಿನಲ್ಲೇ ಜಾಲಸಂಪರ್ಕ ತೆಗೆದು, ಬಳಸಲಿರುವ ತಂತ್ರಾಂಶಗಳಲ್ಲಿ ಒಮ್ಮೆ ಎಫ್1 ಒತ್ತಿ ನೋಡುವುದು ಒಳ್ಳೆಯದು.

ತೊಂದರೆಗೆ ಹೆಸರಿಡುವುದು

ಇನ್ನು ಆ ಸಂಜೆಯ ವಿಷಯಕ್ಕೆ ಬರುತ್ತೇನೆ. ಸಹಾಯ ತೆರೆದೆವು, ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿದೆವು. ನಮ್ಮ ತಲೆಯಲ್ಲಿದ್ದ ಪದ ‘ಪ್ರೊಜೆಕ್ಟರ್’. ಆ ಪದದ ಶೀರ್ಷಿಕೆ ಕಾಣಲಿಲ್ಲ. ಇದರಲ್ಲಿ ನಮಗೆ ಬೇಕಾದದ್ದು ಇಲ್ಲ ಎಂದು ನಾನು ಮುಚ್ಚಲು ಹೊರಟೆ. ಅವರು ತಡೆದರು. “ಸರ್, ಯಂತ್ರಕ್ಕೆ ಇದು ಪ್ರೊಜೆಕ್ಟರೋ ಟಿವಿಯೋ ಎಂದು ಹೇಗೆ ಗೊತ್ತಾಗಬೇಕು? ಅದರ ಪಾಲಿಗೆ ಇದು ಇನ್ನೊಂದು ಪರದೆ, ಅಷ್ಟೆ.” ನಾವು ಹುಡುಕುತ್ತಿದ್ದ ಪುಟದ ಶೀರ್ಷಿಕೆಯಲ್ಲಿ ಇದ್ದದ್ದು ‘ಮಾನಿಟರ್’ ಎಂಬ ಪದ: ಗಣಕಕ್ಕೆ ಇನ್ನೊಂದು ಮಾನಿಟರ್ ಜೋಡಿಸುವುದು.

ಪುಟ ಹೇಳುವುದಿಷ್ಟು. ಎರಡು ಪರದೆಗಳಿದ್ದಾಗ ಅವನ್ನು ಬೇರೆ ಬೇರೆ ರೀತಿಯಲ್ಲಿ ಬಳಸಬಹುದು. ‘ಜಾಯಿನ್’ ಆರಿಸಿದರೆ ಎರಡೂ ಸೇರಿ ಒಂದು ಉದ್ದನೆಯ ಮೇಜಿನಂತೆ. ಲ್ಯಾಪ್‌ಟಾಪಿನ ಪಾಲಿನ ಮೇಜಿನ ಮೇಲಿಟ್ಟದ್ದು ಇನ್ನೊಂದು ಪಾಲಿನಲ್ಲಿ ಕಾಣುವುದಿಲ್ಲ. ‘ಮಿರರ್’ ಆರಿಸಿದರೆ ಕನ್ನಡಿಯಂತೆ, ಇಲ್ಲಿರುವುದೇ ಅಲ್ಲಿ. ಬೇಕಾದರೆ ಒಂದೇ ಪರದೆಯನ್ನೂ ಬಳಸಬಹುದು. ತರಗತಿಯಲ್ಲಿ ಯಂತ್ರ ಮೊದಲನೆಯ ರೀತಿಯಲ್ಲಿತ್ತು. ಗೋಡೆಯ ಮೇಲೆ ಬರೀ ಹಿನ್ನೆಲೆ ಚಿತ್ರ ಬಂದದ್ದು ಅದಕ್ಕೇ. ಕೇಬಲ್, ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಮೂರೂ ಸರಿಯಾಗಿಯೇ ಕೆಲಸ ಮಾಡುತ್ತಿದ್ದವು! ಸೆಟ್ಟಿಂಗ್ಸ್ ತೆರೆದು ಡಿಸ್‌ಪ್ಲೇ ಭಾಗದಲ್ಲಿ ‘ಮಿರರ್’ ಆರಿಸಿದೆವು. ವಿಡಿಯೊ ಗೋಡೆಗೆ ಬಂತು. ಸೂಪರ್ ಕೀಲಿ ಹಿಡಿದು ಪಿ ಒತ್ತಿದರೂ ಇದೇ ಆಯ್ಕೆಗಳು ಬರುತ್ತವೆ ಎಂದು ಆಮೇಲೆ ತಿಳಿಯಿತು.

ಸಹಾಯಪುಟ ತೆರೆಯುವುದನ್ನು ಐದು ನಿಮಿಷದಲ್ಲಿ ಕಲಿಸಬಹುದು. ನಮ್ಮ ಅನುಭವದ ಮಾತನ್ನು ಪುಟದ ಮಾತಿಗೆ ಹೊಂದಿಸುವುದೇ ನಿಜವಾದ ಕಲಿಕೆ. ನಿಘಂಟು ನೋಡುವಾಗಲೂ ಇದೇ ಕಷ್ಟ. ‘ಬಂದಿದ್ದರು’ ಎಂಬ ಪದದ ಅರ್ಥ ಬೇಕಾದ ಮಗು ‘ಬರು’ ಎಂಬಲ್ಲಿ ನೋಡಬೇಕು. ಅಷ್ಟು ವ್ಯಾಕರಣ ಬಾರದವನಿಗೆ ನಿಘಂಟು ಇದ್ದೂ ಇಲ್ಲದಂತೆ. ಹಾಗೆಯೇ ‘ಕಂಪ್ಯೂಟರ್ ಹಾಳಾಗಿದೆ’ ಎನ್ನುವವನಿಗೆ ಯಾವ ಪುಟವೂ ಸಿಗುವುದಿಲ್ಲ. ‘ವಿಡಿಯೊ ಓಡುತ್ತಿದೆ, ಧ್ವನಿ ಮಾತ್ರ ಬರುತ್ತಿಲ್ಲ’ ಎನ್ನುವವನಿಗೆ ಧ್ವನಿ ಕೇಳಿಸದಿದ್ದಾಗ ನೋಡಬೇಕಾದ ಪುಟವೇ ಇದೆ. ಧ್ವನಿ ಆರಿಸಿಲ್ಲ ತಾನೆ, ಸ್ಪೀಕರಿನ ತಂತಿ ಸರಿಯಾಗಿದೆಯೇ, ಯಂತ್ರ ಸರಿಯಾದ ಸಾಧನಕ್ಕೆ ಧ್ವನಿ ಕಳಿಸುತ್ತಿದೆಯೇ ಎಂದು ಅದು ಒಂದೊಂದಾಗಿ ನೋಡಿಸುತ್ತದೆ. ಸುಲಭದ ಕಾರಣದಿಂದ ಕಠಿಣದ ಕಾರಣಕ್ಕೆ ಹೋಗುವ ಈ ಕ್ರಮ ನಮ್ಮ ಬೋಧನಾಸೂತ್ರಗಳಲ್ಲಿ ಒಂದೇ ಅಲ್ಲವೆ?

ಪಾಠದ ರೂಪ

2014ರ ಎನ್‌ಸಿಟಿಇ ನಿಯಮಾವಳಿಯ ನಂತರ ಎರಡು ವರ್ಷದ ಬಿ.ಇಡ್.ನಲ್ಲಿ ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಒಂದು ಭಾಗವಾಗಿದೆ. ಅದರ ಪ್ರಾಯೋಗಿಕ ಅವಧಿಯಲ್ಲಿ ಈ ನಲವತ್ತು ನಿಮಿಷದ ಪಾಠವನ್ನು ಮಾಡುತ್ತಿದ್ದೇನೆ. ಒಂದು ಯಂತ್ರಕ್ಕೆ ಮೂವರು. ಅಂತರಜಾಲದ ಸಂಪರ್ಕ ತೆಗೆದಿರುತ್ತೇನೆ. ಮೊಬೈಲುಗಳು ಮೇಜಿನ ಮೇಲೆ ಬೋರಲು.

ಮೊದಲ ಐದು ನಿಮಿಷ ಸಹಾಯ ತೆರೆಯುವ ದಾರಿಗಳನ್ನು ತೋರಿಸುತ್ತೇನೆ. ಆಮೇಲೆ ಗುಂಪಿಗೊಂದು ಚೀಟಿ. ಚೀಟಿಯಲ್ಲಿ ತಾಂತ್ರಿಕ ಪದ ಇರುವುದಿಲ್ಲ. ತರಗತಿಯಲ್ಲಿ ಬಾಯಿಗೆ ಬರುವ ಮಾತೇ ಇರುತ್ತದೆ:

– ನಿನ್ನೆ ಇಲ್ಲೇ ಇಟ್ಟಿದ್ದ ಪಾಠಯೋಜನೆಯ ಕಡತ ಕಾಣುತ್ತಿಲ್ಲ.
– ಕೈತಪ್ಪಿ ಅಳಿಸಿಬಿಟ್ಟೆ, ವಾಪಸ್ ಬೇಕು.
– ಕನ್ನಡದಲ್ಲಿ ಬರೆಯಬೇಕು, ಕೀಲಿಮಣೆ ಇಂಗ್ಲಿಷಿನಲ್ಲೇ ಇದೆ.
– ಪರದೆಯ ಅಕ್ಷರ ಹಿಂದಿನ ಬೆಂಚಿನ ಮಗುವಿಗೆ ಕಾಣುತ್ತಿಲ್ಲ.
– ಧ್ವನಿ ಲ್ಯಾಪ್‌ಟಾಪಿನಿಂದಲೇ ಬರುತ್ತಿದೆ, ಸ್ಪೀಕರಿಗೆ ಹೋಗುತ್ತಿಲ್ಲ.

ಗುಂಪಿನವರು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯುತ್ತಾರೆ: ನಮ್ಮ ಮಾತು, ಪುಟದ ಮಾತು, ಮಾಡಿದ್ದು ಮತ್ತು ಆದದ್ದು. ಹುಡುಕಲು ಬಳಸಿದ ಪ್ರತಿಯೊಂದು ಪದವನ್ನೂ, ವಿಫಲವಾದದ್ದನ್ನು ಕೂಡ, ಮೊದಲ ಎರಡು ಕಾಲಂಗಳಲ್ಲಿ ಬರೆಯಬೇಕು. ಹದಿನೈದು ನಿಮಿಷ ನಾನಾಗಲಿ ಪ್ರಯೋಗಾಲಯದ ಸಹಾಯಕರಾಗಲಿ ಉತ್ತರ ಹೇಳುವುದಿಲ್ಲ. ‘ಏನಾಗಬೇಕಿತ್ತು? ಏನಾಯಿತು?’ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಕೇಳುತ್ತೇವೆ. ಉಳಿದ ಸಮಯದಲ್ಲಿ ಪ್ರತಿ ಗುಂಪೂ ತನ್ನ ಹಾಳೆಯನ್ನು ಓದಿ ಹೇಳುತ್ತದೆ.

ನಾಲ್ಕನೆಯ ಚೀಟಿಯ ಬಗ್ಗೆ ಎರಡು ಮಾತು. ಹೆಚ್ಚಿನವರು ಅದನ್ನು ಅಕ್ಷರದ ಗಾತ್ರದ ಪ್ರಶ್ನೆ ಎಂದುಕೊಳ್ಳುತ್ತಾರೆ. ಹುಡುಕುತ್ತ ಹೋದಂತೆ ಕಾಣಸಿಗುವುದು ವಿಶೇಷ ಅಗತ್ಯವುಳ್ಳವರಿಗಾಗಿ ಇರುವ ಸೌಲಭ್ಯಗಳ ಇಡೀ ವಿಭಾಗ: ದೊಡ್ಡ ಅಕ್ಷರ, ಹೆಚ್ಚು ವ್ಯತ್ಯಾಸದ ಬಣ್ಣ, ಪರದೆಯ ಒಂದು ಭಾಗವನ್ನು ಹಿಗ್ಗಿಸುವುದು, ಪರದೆಯ ಮೇಲಿನದನ್ನು ಓದಿ ಹೇಳುವುದು. ದೃಷ್ಟಿ ಮಂದವಿರುವ ಮಗು ತರಗತಿಯಲ್ಲಿದ್ದರೆ ನಾವು ಪರದೆಯನ್ನು ಹೇಗೆ ಸಿದ್ಧಪಡಿಸಬೇಕು ಎಂಬ ಚರ್ಚೆ ಅಲ್ಲಿಂದ ತಾನಾಗಿಯೇ ಹುಟ್ಟುತ್ತದೆ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಓದಿದ್ದು ಇಲ್ಲಿ ಕೈಗೆ ಬರುತ್ತದೆ.

ಕಂಡ ತೊಡಕುಗಳು

ಭಾಷೆ ಮೊದಲನೆಯದು. ಗ್ನೋಮ್ ಪರಿಸರಕ್ಕೆ ಕನ್ನಡ ಅನುವಾದವಿದೆ. ಆದರೆ ನಮ್ಮ ಯಂತ್ರಗಳಲ್ಲಿ ಕನ್ನಡದ ಭಾಷಾಕಟ್ಟು ಸ್ಥಾಪಿಸಿರಲಿಲ್ಲ. ಅನುವಾದವಾಗದ ಭಾಗವನ್ನು ಈ ವ್ಯವಸ್ಥೆ ಹೇಗಿದ್ದರೂ ಇಂಗ್ಲಿಷಿನಲ್ಲೇ ತೋರಿಸುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಪ್ರಶಿಕ್ಷಣಾರ್ಥಿಗಳು ಮೊದಲು ಹಿಂಜರಿದರು. ಕೂತು ಓದಿದಾಗ ಕಂಡದ್ದು ಬೇರೆ: ಆ ಪುಟಗಳ ವಾಕ್ಯಗಳು ಚಿಕ್ಕವು, ಹೆಚ್ಚಿನವು ವಿಧ್ಯರ್ಥದಲ್ಲಿವೆ. ತೆರೆಯಿರಿ, ಒತ್ತಿರಿ, ಆರಿಸಿ, ಎಳೆಯಿರಿ ಎಂಬ ಕ್ರಿಯಾಪದಗಳೇ ಮತ್ತೆ ಮತ್ತೆ ಬರುತ್ತವೆ. ಅಂಥ ಪದಗಳ ಪಟ್ಟಿಯನ್ನು ಕನ್ನಡ ಅರ್ಥದೊಂದಿಗೆ ಗೋಡೆಗೆ ಅಂಟಿಸಿದ ಮೇಲೆ ಓದು ಸಲೀಸಾಯಿತು.

ಎರಡನೆಯದು ಅರ್ಧ ಓದು. ಮೂರನೆಯ ಹಂತ ಓದಿದ ಕೂಡಲೇ ಕೈ ಮೌಸಿಗೆ ಹೋಗುತ್ತದೆ. ಐದನೆಯ ಹಂತದ ಕೆಳಗಿರುವ ಸೂಚನೆ ಹಾಗೆಯೇ ಉಳಿಯುತ್ತದೆ. ಒಬ್ಬರು ಗಟ್ಟಿಯಾಗಿ ಓದಲಿ, ಒಬ್ಬರು ಮಾಡಲಿ, ಮೂರನೆಯವರು ಬರೆಯಲಿ ಎಂದು ಕೆಲಸ ಹಂಚಿದ ಮೇಲೆ ಇದು ಕಡಿಮೆಯಾಯಿತು.

ಮೂರನೆಯದು ವ್ಯವಸ್ಥೆಯ ಮಿತಿಯೇ. ಪ್ರೊಜೆಕ್ಟರಿನ ದೀಪ ಸುಟ್ಟಿದ್ದರೆ, ಕೇಬಲ್ ತುಂಡಾಗಿದ್ದರೆ ಯಾವ ಪುಟವೂ ಅದನ್ನು ಸರಿಪಡಿಸದು. ಆದರೆ ಪುಟ ಹೇಳಿದ್ದನ್ನೆಲ್ಲ ಮಾಡಿ ನೋಡಿದವರು ಸಹಾಯಕರಿಗೆ ‘ಏನೋ ಆಗಿದೆ ಬನ್ನಿ’ ಎನ್ನುವುದಿಲ್ಲ. ಇದಿದನ್ನು ಮಾಡಿದೆ, ಇಷ್ಟಾಯಿತು, ಇಷ್ಟಾಗಲಿಲ್ಲ ಎನ್ನುತ್ತಾರೆ. ಕೇಳುವ ಮಾತು ಬದಲಾದದ್ದೂ ಕಲಿಕಾಫಲವೇ.

ಮುಂದಿನ ಹೆಜ್ಜೆ

ಈ ಬಾರಿ ಪ್ರಶಿಕ್ಷಣಾರ್ಥಿಗಳಿಂದಲೇ ಸಹಾಯಪುಟ ಬರೆಸಿದೆ. ಒಂದು ಪುಟಕ್ಕೆ ಒಂದೇ ಕೆಲಸ, ಕನ್ನಡದಲ್ಲಿ. ಶೀರ್ಷಿಕೆ ತೊಂದರೆಯವನ ಮಾತಿನಲ್ಲಿರಬೇಕು, ಹಂತಗಳಿಗೆ ಅಂಕಿ ಹಾಕಿರಬೇಕು, ಕೊನೆಯಲ್ಲಿ ‘ಇದರಿಂದ ಆಗದ್ದು’ ಎಂಬ ಭಾಗ ಇರಬೇಕು. ಬರೆದವರು ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು, ಇನ್ನೊಬ್ಬರು ಓದಿಕೊಂಡು ಮಾಡಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಬರಹ ತಿದ್ದಬೇಕು. ‘ಗೋಡೆಯ ಮೇಲೆ ಹಿನ್ನೆಲೆ ಚಿತ್ರ ಮಾತ್ರ ಬರುತ್ತಿದೆ’ ಎಂಬ ಮೊದಲ ಪುಟ ಬರೆದುಕೊಟ್ಟವರು ಅದೇ ಪ್ರಶಿಕ್ಷಣಾರ್ಥಿ. ಅದರ ಪ್ರತಿಯನ್ನು ಆ ಶಾಲೆಯ ಲ್ಯಾಪ್‌ಟಾಪ್ ಚೀಲದಲ್ಲಿಟ್ಟು ಬಂದಿದ್ದೇವೆ.

ನನ್ನ ವೀಕ್ಷಣಾ ಟಿಪ್ಪಣಿಯೂ ಬದಲಾಗಿದೆ. ‘ಪೂರ್ವಸಿದ್ಧತೆ’ಯ ಕೆಳಗೆ ಒಂದು ಸಾಲು ಸೇರಿಸಿಕೊಂಡಿದ್ದೇನೆ: ತೊಡಕು ಬಂದಾಗ ಏನು ಮಾಡಿದರು? ಅಂದು ಬರೆದಿದ್ದ ಷರಾವನ್ನು ಅವರ ಎದುರಿಗೇ ಹೊಡೆದುಹಾಕಿ, ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿದೆ. ಆ ಪಾಠಕ್ಕೆ ಸಿದ್ಧತೆ ಸಾಲದೆ ಹೋಗಿದ್ದುದು ನಿಜ. ಆದರೆ ಯಂತ್ರ ಕೈಕೊಟ್ಟಾಗ ಎಲ್ಲಿ ನೋಡಬೇಕೆಂದು ಅವರಿಗೆ ಕಲಿಸಬೇಕಾಗಿದ್ದವನು ನಾನು.