ಮಗುವಿನ ಉಸಿರು ಎಣಿಸುವುದು ಹೇಗೆ?

ತೆಲಂಗಾಣದ ತಾಂಡೂರಿನ ಕಲ್ಲು ಪಾಲಿಶ್ ಘಟಕಗಳ ಹತ್ತಿರ ಬೇಸಿಗೆಯಲ್ಲಿ ಒಂದು ಲಾರಿ ಹಾದುಹೋದರೆ ಸಾಕು, ರಸ್ತೆ ಪಕ್ಕದ ಬೇವಿನ ಎಲೆಗೂ ಬಿಳಿ ಪುಡಿ ಮೆತ್ತುತ್ತದೆ. ಕಲ್ಲು ಉಜ್ಜಿದ ಕೆಸರು ಒಣಗಿ ಏಳುವ ಧೂಳು ಅದು. ಸಿಮೆಂಟ್ ಕಾರ್ಖಾನೆಗಳದ್ದು ಬೇರೆ. ಜಹೀರಾಬಾದಿನಲ್ಲಿ 65ನೇ ರಾಷ್ಟ್ರೀಯ ಹೆದ್ದಾರಿಯ ವಾಹನಗಳ ಹೊಗೆ, ಹೊಲದಲ್ಲಿ ಕಬ್ಬಿನ ರವದಿ ಸುಟ್ಟ ಹೊಗೆ. ನಾರಾಯಣಖೇಡದ ಹಳ್ಳಿಗಳಲ್ಲಿ ಗಾಳಿ ಚೊಕ್ಕಟವೇ ಇದೆ ಅನಿಸುತ್ತದೆ. ಆದರೆ ಅಡುಗೆಮನೆಗೆ ಹೋಗಿ ನೋಡಿ: ಒಲೆಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಪಕ್ಕದಲ್ಲೇ ಮಗು.

ಈ ಧೂಳು, ಹೊಗೆ ಮಗುವಿನ ನ್ಯುಮೋನಿಯಾಕ್ಕೆ ದಾರಿ ಮಾಡುತ್ತವೆ. ‘ನ್ಯುಮೋನಿಯಾ ಕ್ರಿಮಿಯಿಂದ ಬರುತ್ತದೆ, ಹೊಗೆಗೂ ಅದಕ್ಕೂ ಏನು ಸಂಬಂಧ?’ ಎಂದು ಕೇಳಬಹುದು. ಬರುವುದು ಕ್ರಿಮಿಯಿಂದಲೇ. ಹೊಗೆ ಮಾಡುವುದು ಕಾವಲು ಸಡಿಲಿಸುವ ಕೆಲಸ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿವೆ. ಕಫಕ್ಕೆ ಅಂಟಿದ ಧೂಳನ್ನೂ ಕ್ರಿಮಿಯನ್ನೂ ಅವು ಮೇಲಕ್ಕೆ ಗುಡಿಸಿ ಹಾಕುತ್ತವೆ. ಹೊಗೆ ಹೆಚ್ಚಾದರೆ ಈ ಗುಡಿಸುವ ಕೆಲಸ ನಿಧಾನವಾಗುತ್ತದೆ. ಇನ್ನು ಪಿಎಂ 2.5 ಎಂಬ ಕಣಗಳಿವೆ. ಅಡ್ಡಳತೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ, ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟು. ಇವು ಶ್ವಾಸಕೋಶದ ತಳದವರೆಗೆ ಇಳಿದು, ಅಲ್ಲಿ ಕ್ರಿಮಿಯನ್ನು ನುಂಗುವ ರಕ್ಷಕ ಜೀವಕೋಶಗಳ ಬಲ ಕುಂದಿಸುತ್ತವೆ. ಆಮೇಲೆ ಸಾಮಾನ್ಯ ನೆಗಡಿಯೂ ಎದೆಗೆ ಇಳಿಯುವುದು ಸುಲಭ. ಮಕ್ಕಳು ದೊಡ್ಡವರಿಗಿಂತ ಬೇಗಬೇಗ ಉಸಿರಾಡುತ್ತಾರೆ. ಅದಕ್ಕೇ ಅವರ ಮೈತೂಕಕ್ಕೆ ಹೋಲಿಸಿದರೆ ಒಳಗೆ ಹೋಗುವ ಹೊಗೆ ಹೆಚ್ಚು. ಮನೆಯೊಳಗಿನ ಹೊಗೆಯಿಂದ ಮಕ್ಕಳಿಗೆ ನ್ಯುಮೋನಿಯಾ ಬರುವ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಮ್ಮ ಕಡೆಯ ಬಾಣಂತನದ ಮಾತು ಇಲ್ಲಿ ಹೇಳಲೇಬೇಕು. ಅಜ್ಜಿಯರು ಸಿಟ್ಟಾಗಬಾರದು. ಬಾಣಂತಿಯ ಮಂಚದ ಕೆಳಗೆ ಕೆಂಡ, ಕಿಟಕಿಗೆ ಪರದೆ, ಎಣ್ಣೆನೀರಾದ ಮೇಲೆ ಕೂಸಿಗೆ ಲೋಬಾನದ ಹೊಗೆ, ರಾತ್ರಿ ಸೊಳ್ಳೆ ಬತ್ತಿ. ಕೂಸು ಬೆಚ್ಚಗಿರಬೇಕು ಎಂಬುದು ಸರಿ. ಅದಕ್ಕೆ ತಾಯಿಯ ಎದೆಯ ಬಿಸುಪು, ಟೋಪಿ, ದುಪಟಿ ಸಾಕು. ಬಿಟ್ಟೇ ಬಿಡಬೇಕಾದ್ದು ಹೊಗೆ. ಸೊಳ್ಳೆಗೆ ಪರದೆ ಕಟ್ಟಿ.

ಈಗ ನ್ಯುಮೋನಿಯಾ ಗುರುತಿಸುವ ಉಸಿರೆಣಿಕೆ. ಕೆಮ್ಮು ಇರುವ ಮಗು ಅಳದೆ ಸುಮ್ಮನೆ ಮಲಗಿದಾಗ ಅಂಗಿ ಮೇಲೆತ್ತಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಬೇಡಿ, ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಮಗು ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಆ ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಹೊಟ್ಟೆಗೆ ಬರೆ ಹಾಕಿಸಲು ಹೋಗಿ ಒಂದು ದಿನ ಕಳೆದರೆ ಆ ದಿನ ತಿರುಗಿ ಬರುವುದಿಲ್ಲ.

ಹೊಗೆ ತಪ್ಪಿಸಲು ಗ್ಯಾಸ್ ತಂದರೆ ಎಲ್ಲ ಸರಿಹೋಗುತ್ತದೆಯೇ? ಅಷ್ಟು ಸಲೀಸಲ್ಲ. ಭಾರತವೂ (ತಮಿಳುನಾಡು) ಸೇರಿ ನಾಲ್ಕು ದೇಶಗಳಲ್ಲಿ ಸೌದೆ ಒಲೆಯ ಮನೆಗಳಿಗೆ ಗ್ಯಾಸ್ ಕೊಟ್ಟು ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2024ರಲ್ಲಿ ಬಂತು. ಮನೆಯ ಹೊಗೆ ತಗ್ಗಿತು, ಆದರೆ ಹಸುಗೂಸುಗಳ ತೀವ್ರ ನ್ಯುಮೋನಿಯಾ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಹಾಗೆಂದು ಒಲೆಗೆ ಮರಳಬೇಕಿಲ್ಲ. ತಾಯಿಯ ಕಣ್ಣಿಗೂ ಎದೆಗೂ ಗ್ಯಾಸೇ ಒಳ್ಳೆಯದು. ಆದರೆ ಅದೊಂದನ್ನೇ ನಂಬಿ ಲಸಿಕೆ ಬಿಡಬೇಡಿ.

ಲಸಿಕೆಯ ಹೆಸರು ಪಿಸಿವಿ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇದು ತಡೆ. ಕೊಡುವುದು 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳಲ್ಲಿ. ಖಾಸಗಿಯಲ್ಲಿ ಸಾವಿರಾರು ರೂಪಾಯಿ, ಸರ್ಕಾರಿ ಕೇಂದ್ರದಲ್ಲಿ ಉಚಿತ. 2021ರಿಂದ ದೇಶದ ಎಲ್ಲೆಡೆ ಸಿಗುತ್ತಿದೆ. ಪೆಂಟಾವೇಲೆಂಟ್ ಮತ್ತು ದಡಾರದ ಲಸಿಕೆಯೂ ಎದೆಯನ್ನು ಕಾಯುತ್ತವೆ.

ಕರ್ನಾಟಕ-ತೆಲಂಗಾಣ ಗಡಿಯ ಮನೆಗಳಲ್ಲಿ ಲಸಿಕೆಗೆ ಒಂದು ತೊಡಕಿದೆ. ಹೆರಿಗೆ ಬೀದರಿನಲ್ಲೋ ಚಿಂಚೋಳಿಯಲ್ಲೋ ತವರಿನಲ್ಲಿ ಆಗುತ್ತದೆ. ಮೊದಲ ಡೋಸ್ ಅಲ್ಲಿ. ಗಂಡನ ಮನೆಗೆ ಬರುವ ಹೊತ್ತಿಗೆ ಎರಡನೆಯದರ ಸಮಯ. ತಾಯಿ ಕಾರ್ಡ್ ಕನ್ನಡದ್ದು, ಇಲ್ಲಿ ನಡೆಯುವುದಿಲ್ಲ ಎಂದು ಕೆಲವರು ಸುಮ್ಮನಾಗುತ್ತಾರೆ. ಎರಡೂ ರಾಜ್ಯಗಳಲ್ಲಿ ಪಿಸಿವಿಯ ವೇಳಾಪಟ್ಟಿ ಒಂದೇ. ಅದೇ ಕಾರ್ಡನ್ನು ನಿಮ್ಮೂರಿನ ಆಶಾ ಅಥವಾ ಎಎನ್‌ಎಂ ಅಕ್ಕನಿಗೆ ತೋರಿಸಿ. ದಿನ ಮೀರಿದ್ದರೂ ಒಂದು ವರ್ಷ ತುಂಬುವ ಮೊದಲೇ ಕೇಳಿ.

ಇನ್ನು ಒಲೆಯ ಮಾತು: ಗ್ಯಾಸ್ ಸಂಪರ್ಕವಿಲ್ಲದ ಬಡ ಕುಟುಂಬದ ಹೆಣ್ಣುಮಕ್ಕಳಿಗೆ ಉಜ್ವಲ ಯೋಜನೆಯಿದೆ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕ ಹಿಡಿದು ಗ್ಯಾಸ್ ಏಜೆನ್ಸಿಗೆ ಹೋಗಿ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯಲ್ಲಿ ಅರ್ಹರಿಗೆ ಸಿಲಿಂಡರ್ 500 ರೂಪಾಯಿಗೆ ಬೀಳುತ್ತದೆ. ಮೊದಲು ಪೂರ್ತಿ ಬೆಲೆ ಕೊಡಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ.

ಚಿಕಿತ್ಸೆಗೆ ಜಹೀರಾಬಾದ್ ಮತ್ತು ನಾರಾಯಣಖೇಡದಲ್ಲಿ ಏರಿಯಾ ಆಸ್ಪತ್ರೆ, ತಾಂಡೂರಿನಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆ ಇವೆ. ದೊಡ್ಡ ಕೇಸಾದರೆ ಹೈದರಾಬಾದಿನ ನಿಲೋಫರ್ ಮಕ್ಕಳ ಆಸ್ಪತ್ರೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ಕುಡಿಸಬೇಡಿ. ಅದು ಬೇಕೋ ಬೇಡವೋ ಡಾಕ್ಟರು ಹೇಳಲಿ. ಇವತ್ತು ರಾತ್ರಿ ಮಗು ಮಲಗಿದಾಗ, ಕೆಮ್ಮು ಇಲ್ಲದಿದ್ದರೂ, ಒಮ್ಮೆ ಉಸಿರು ಎಣಿಸಿ ಕೈ ರೂಢಿ ಮಾಡಿಕೊಳ್ಳಿ.